ತಂತಿಗಳ ಸಂಧಿಯೂ ಪಿನ್ನಿನ ನಾಲಿಗೆಯೂ



ಕನ್ನಡ ವ್ಯಾಕರಣವನ್ನು ಓದಿದವರಿಗೆಲ್ಲ ಸಂಧಿಪ್ರಕರಣವು ನೆನಪಿರಬಹುದು. ಎರಡು ಪದಗಳು ಕೂಡುವೆಡೆಯಲ್ಲಿ ಒಂದು ಅಕ್ಷರವು ಅಳಿಯುವುದುಂಟು, ಇಲ್ಲದ ಅಕ್ಷರವೊಂದು ಬಂದು ಸೇರುವುದುಂಟು, ಒಂದರ ಸ್ಥಾನದಲ್ಲಿ ಮತ್ತೊಂದು ಬಂದು ನಿಲ್ಲುವುದೂ ಉಂಟು. ಇವನ್ನೇ ಲೋಪ, ಆಗಮ, ಆದೇಶಗಳೆಂದು ನಮ್ಮ ಹಿರಿಯರು ಕರೆದರು. ಪದಗಳು ತಮ್ಮಷ್ಟಕ್ಕೆ ತಾವು ನಿಂತಿರುವಾಗ ತೊಡಕಿಲ್ಲ. ತೊಡಕೆಲ್ಲ ಅವು ಒಂದನ್ನೊಂದು ಕೂಡುವ ಎಡೆಯಲ್ಲಿ. ವಿದ್ಯುತ್ತಿನ ತಂತಿಗಳ ವಿಷಯವೂ ಹೀಗೆಯೇ ಇರುವುದು. ಅಖಂಡವಾದ ತಾಮ್ರದ ತಂತಿಯು ತಾನಾಗಿ ಕೆಡುವುದು ಬಹಳ ಅಪರೂಪ. ದೀಪವು ಆರಿತು, ಯಂತ್ರವು ನಿಂತಿತು ಎಂದು ನಾವು ದೂರುವಾಗ, ದೋಷವು ಬಹುಮಟ್ಟಿಗೆ ಒಂದು ತಂತಿಯು ಇನ್ನೊಂದನ್ನು ಸಂಧಿಸುವ ಸ್ಥಾನದಲ್ಲಿಯೇ ಅಡಗಿರುವುದು.

ಆ ಸಂಧಿಸ್ಥಾನದಲ್ಲಿ ಇಂದಿನ ಯಂತ್ರಗಳಲ್ಲೆಲ್ಲ ಒಂದು ಚಿಕ್ಕ ಪ್ಲಾಸ್ಟಿಕ್ಕಿನ ಗೂಡನ್ನು ಕಾಣುತ್ತೇವೆ. ಪುಸ್ತಕದ ಭಾಷೆಯಲ್ಲಿ ಅದು ಕನೆಕ್ಟರು; ನಮ್ಮ ಊರಿನ ಆಟೋ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಅದು ಕಪ್ಲರು. ಆ ಗೂಡಿನೊಳಗೆ ಕುಳಿತಿರುವ ಲೋಹದ ಪಿನ್ನುಗಳನ್ನು ಮುರಿಯದೆ ಹೊರಗೆ ತೆಗೆಯುವುದು ಹೇಗೆ, ತೆಗೆದ ಪಿನ್ನನ್ನು ಮರಳಿ ಬಳಸುವುದು ಯಾವಾಗ ಯುಕ್ತ, ಯಾವಾಗ ಅಯುಕ್ತ, ಎಂಬುದೇ ಈ ಹೊತ್ತಿನ ನಮ್ಮ ಭಾಷಣದ ವಿಷಯ. ಇಷ್ಟು ಅಲ್ಪವಾದ ವಸ್ತುವಿಗೆ ಇಷ್ಟು ಹೊತ್ತಿನ ಮಾತೇಕೆ ಎಂದು ಕೆಲವರು ಕೇಳಬಹುದು. ಈ ಅಲ್ಪವಸ್ತುವಿನ ಅಜ್ಞಾನದಿಂದ ನಮ್ಮ ಮನೆಯವರ ಪ್ರಾಣಕ್ಕೆ ಒಂದು ರಾತ್ರಿ ಸಂಚಕಾರವು ಬಂದಿತ್ತು. ಆದುದರಿಂದ ಮೊದಲು ಆ ಸಂಗತಿಯನ್ನು ಅರಿಕೆಮಾಡುವೆವು.

ನಮ್ಮ ವಾಸವು ಸಿಂಗಾಪುರದಲ್ಲಿ. ಹೆಸರನ್ನು ಕೇಳಿದೊಡನೆ ಸಮುದ್ರದಾಚೆಯ ಸಿರಿವಂತ ಪಟ್ಟಣವನ್ನು ಊಹಿಸಬೇಡಿರಿ. ಇದು ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರ ಮತ್ತು ಅಬ್ಬಿಗೆರೆಗಳ ನೆರೆಯಲ್ಲಿ, ತನ್ನ ಕೆರೆಯೊಡನೆ ಹಳ್ಳಿಯಾಗಿದ್ದು, ಈಗ ನಗರದೊಳಗೆ ಸೇರಿಹೋಗಿರುವ ಸಿಂಗಾಪುರ. ಕೆಲವು ತಿಂಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಯಲಹಂಕದ ಬಂಧುಗಳ ಮನೆಯಿಂದ ನಮ್ಮ ಹಳೆಯ ಕಾರಿನಲ್ಲಿ ಒಳದಾರಿಯಾಗಿ ಹಿಂದಿರುಗುತ್ತಿದ್ದೆವು. ಹಿಂದಿನ ಆಸನದಲ್ಲಿ ವೃದ್ಧೆಯಾದ ತಾಯಿಯೂ ಮಕ್ಕಳಿಬ್ಬರೂ ಇದ್ದರು. ನಡುದಾರಿಯಲ್ಲಿ ಕಾರಿನ ಬಲಗಡೆಯ ದೊಡ್ಡ ದೀಪವು ಆರಿಹೋಯಿತು. ನಮಗೆ ಅದು ಕೂಡಲೇ ತಿಳಿಯಲಿಲ್ಲ. ಎದುರಿನಿಂದ ಬಂದ ಟೆಂಪೋ ಚಾಲಕನಿಗೆ ಕಂಡದ್ದು ರಸ್ತೆಯ ಅಂಚಿನ ಒಂದೇ ದೀಪ. ದ್ವಿಚಕ್ರವಾಹನವೊಂದು ಬರುತ್ತಿದೆಯೆಂದೇ ಅವನು ಭಾವಿಸಿರಬೇಕು. ರಸ್ತೆಯ ಮಧ್ಯಭಾಗವು ತನ್ನದೆಂದು ನಂಬಿ ನೇರವಾಗಿ ಬಂದನು. ಕಡೆಯ ಕ್ಷಣದಲ್ಲಿ ಇಬ್ಬರೂ ಎಳೆದುಕೊಂಡುದರಿಂದ ವಾಹನಗಳು ಕನ್ನಡಿಗೆ ಕನ್ನಡಿ ತಾಗಿ ಸರಿದುಹೋದುವು. ಒಡೆದದ್ದು ಗಾಜು ಮಾತ್ರ.

ಮರುದಿನ ಬಾನೆಟ್ಟನ್ನು ಎತ್ತಿ ನೋಡಿದೆವು. ದೀಪದ ಬಲ್ಬು ಸರಿಯಾಗಿಯೇ ಇತ್ತು, ಫ್ಯೂಸೂ ಸರಿಯಾಗಿತ್ತು. ಬಲ್ಬಿನ ಮೂರು ಕಾಲುಗಳಿಗೆ ಸಿಕ್ಕಿಸುವ ಕಪ್ಲರಿನಲ್ಲಿ ಮಾತ್ರ ಒಂದು ಕಂಡಿಯು ಕಂದುಬಣ್ಣಕ್ಕೆ ತಿರುಗಿ, ಮೇಣದಂತೆ ಕರಗಿ ಇಳಿದಿತ್ತು. ಒಬ್ಬ ರಿಪೇರಿಯವನು, ಇಡೀ ವೈರಿಂಗ್ ಕಿಟ್ಟನ್ನೇ ಬದಲಾಯಿಸಬೇಕೆಂದು ಹೇಳಿ ನಮ್ಮ ತಿಂಗಳ ಸಂಬಳದ ಬಹುಭಾಗವನ್ನು ನುಂಗುವ ಲೆಕ್ಕವನ್ನು ಮುಂದಿಟ್ಟನು. ಇದು ಮೂಗಿಗಿಂತ ಮೂಗುತಿ ಭಾರವೆಂಬಂತಾಯಿತು. ಮತ್ತೊಬ್ಬನು, ಕಪ್ಲರನ್ನು ಕತ್ತರಿಸಿ ಎಸೆದು ತಂತಿಗಳನ್ನು ನೇರವಾಗಿ ಹೊಸೆದು ಟೇಪು ಸುತ್ತಿಬಿಡುವೆನೆಂದನು. ಇದು ಅಗ್ಗವಾಗಿ ಕಂಡರೂ ನಮಗೆ ಭಯವಾಯಿತು.

ನಮ್ಮ ಬೀದಿಯಲ್ಲಿ ಹಿರಿಯರೊಬ್ಬರಿದ್ದಾರೆ. ಜಾಲಹಳ್ಳಿಯ ಕಡೆಗೆ ೧೯೫೩ರಲ್ಲಿ ಎಚ್.ಎಂ.ಟಿ.ಯೂ ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಬಂದಮೇಲೆ ಸುತ್ತಣ ಹಳ್ಳಿಗಳ ಬದುಕೇ ಬದಲಾಯಿತೆಂಬುದನ್ನು ತಾವು ಬಲ್ಲಿರಿ. ಹೊಲ ಉಳುತ್ತಿದ್ದ ಮನೆತನಗಳಿಂದ ತಂತಿ ಕೂಡಿಸುವ, ಲೋಹ ಕಡೆಯುವ ಕುಶಲಿಗಳು ಹೊರಟರು. ಈ ಹಿರಿಯರೂ ಆ ಕಡೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಂತಿಜೋಡಣೆಯ ಕೆಲಸವನ್ನು ಮಾಡಿ ನಿವೃತ್ತರಾದವರು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕಪ್ಲರನ್ನು ತಿರುಗಿಸಿ ನೋಡಿ, “ಮೇಷ್ಟ್ರೇ, ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಮೂರು ಪಿನ್ನಿನಲ್ಲಿ ಎರಡು ಗಟ್ಟಿಯಾಗಿವೆ. ಕೆಟ್ಟಿರೋದು ಒಂದು ಪಿನ್ನು, ಒಂದು ಗೂಡು, ಅಷ್ಟೆ” ಎಂದರು. ಬಳಿಕ ಮೆಲ್ಲಗೆ, “ಈ ಸುಟ್ಟ ಪಿನ್ನನ್ನ ಹಿಂದೆ ಯಾರೋ ಬಿಚ್ಚಿ ಹಾಕಿದ್ದಾರೆ. ನಾಲಿಗೆ ಎತ್ತದೆ ಹಾಗೇ ತುರುಕಿದ್ದಾರೆ” ಎಂದು ಸೇರಿಸಿದರು.

ಹಾಗೆ ಬಿಚ್ಚಿ ತುರುಕಿದವರು ಬೇರಾರೂ ಅಲ್ಲ, ನಾವೇ. ಎರಡು ವರ್ಷಗಳ ಹಿಂದೆ ಒಂದು ರಜಾದಿನದಲ್ಲಿ, ಭೌತಶಾಸ್ತ್ರವನ್ನು ಬೋಧಿಸುವವರಿಗೆ ಇದೇನು ಮಹಾವಿದ್ಯೆಯೆಂಬ ಹಮ್ಮಿನಿಂದ, ಆ ಪಿನ್ನನ್ನು ಎಳೆದು, ಉಜ್ಜಿ, ಮತ್ತೆ ಗೂಡಿನೊಳಕ್ಕೆ ನೂಕಿದ್ದೆವು. ದೀಪವು ಹೊತ್ತಿತು, ನಾವು ಹಿಗ್ಗಿದೆವು. ಆ ಹಿಗ್ಗಿನ ಫಲವು ಎರಡು ವರ್ಷಗಳ ಮೇಲೆ ಯಲಹಂಕದ ದಾರಿಯಲ್ಲಿ ದೊರೆಯಿತು. ಆ ಹಿರಿಯರಿಂದ ಆ ದಿನ ಕಲಿತುದನ್ನೂ, ಅದರ ಹಿಂದಿರುವ ಶಾಸ್ತ್ರವನ್ನೂ ಸೇರಿಸಿ ಇಲ್ಲಿ ನಿರೂಪಿಸುವೆವು.

ಮೊದಲು, ಸಡಿಲವಾದ ಸಂಧಿಯು ಸುಡುವುದೇಕೆ ಎಂಬುದನ್ನು ವಿಚಾರಿಸೋಣ. ಎರಡು ಲೋಹದ ಮೈಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದ ಕೆಳಗೆ ಅವು ಬೆಟ್ಟಗುಡ್ಡಗಳ ಸೀಮೆಯಂತೆ ಇರುವುವು. ಒಂದರ ಮೇಲೊಂದನ್ನು ಇಟ್ಟಾಗ ಕೆಲವು ಶಿಖರಗಳು ಮಾತ್ರ ಪರಸ್ಪರ ಮುಟ್ಟುವುವು. ವಿದ್ಯುತ್ಪ್ರವಾಹವೆಲ್ಲವೂ ಆ ಕೆಲವು ಚುಕ್ಕೆಗಳ ಮೂಲಕವೇ ನುಸುಳಬೇಕು. ಒತ್ತಿದಷ್ಟೂ ಶಿಖರಗಳು ಚಪ್ಪಟೆಯಾಗಿ ಮುಟ್ಟುವ ಪ್ರದೇಶವು ಹಿಗ್ಗುವುದು, ದಾರಿಯು ಸುಗಮವಾಗುವುದು. ಆದುದರಿಂದಲೇ ಕಪ್ಲರಿನ ಹೆಣ್ಣುಪಿನ್ನನ್ನು ಸ್ಪ್ರಿಂಗಿನಂತೆ ಬಾಗಿಸಿ ಮಾಡಿರುವರು. ಗಂಡುಪಿನ್ನನ್ನು ಅದು ಸದಾ ಅವುಚಿ ಹಿಡಿದಿರಬೇಕು.

ಇನ್ನು ಲೆಕ್ಕವನ್ನು ನೋಡಿರಿ. ಹನ್ನೆರಡು ವೋಲ್ಟಿನ ಕಾರಿನಲ್ಲಿ ಅರುವತ್ತು ವ್ಯಾಟಿನ ದೀಪವು ಐದು ಆಂಪಿಯರ್ ಪ್ರವಾಹವನ್ನು ಎಳೆಯುವುದು. ಸಂಧಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ಅಲ್ಲಿನ ರೋಧದಿಂದ ಗುಣಿಸಿದಷ್ಟು. ಒಳ್ಳೆಯ ಸಂಧಿಯ ರೋಧವು ಓಮಿನ ಸಾವಿರದಲ್ಲಿ ನಾಲ್ಕು ಭಾಗವಿದ್ದಿತೆಂದರೆ, ಐದರ ವರ್ಗ ಇಪ್ಪತ್ತೈದನ್ನು ಅದರಿಂದ ಗುಣಿಸಲು, ವ್ಯಾಟಿನ ಹತ್ತನೆಯ ಒಂದು ಭಾಗ ಮಾತ್ರ ಬರುವುದು. ಅದು ಗಾಳಿಗೆ ಆರಿಹೋಗುವುದು. ಸಂಧಿಯು ಸಡಿಲಿ ರೋಧವು ಓಮಿನ ಹತ್ತನೆಯ ಒಂದು ಭಾಗಕ್ಕೆ ಏರಿತೆನ್ನಿ. ಆಗ ಎರಡೂವರೆ ವ್ಯಾಟಿನಷ್ಟು ಶಾಖವು ಹೆಸರುಕಾಳಿನಷ್ಟು ಎಡೆಯಲ್ಲಿ ಎಡೆಬಿಡದೆ ಹುಟ್ಟುವುದು. ಆ ಶಾಖದಿಂದ ಹಿತ್ತಾಳೆಯ ಸ್ಪ್ರಿಂಗು ತನ್ನ ಬಿಗಿಯನ್ನು ಕಳೆದುಕೊಳ್ಳುವುದು. ಬಿಗಿ ಹೋದಂತೆ ರೋಧವು ಹೆಚ್ಚುವುದು. ರೋಧವು ಹೆಚ್ಚಿದಂತೆ ಶಾಖವೂ ಹೆಚ್ಚುವುದು. ಹೀಗೆ ದೋಷವು ತನ್ನನ್ನು ತಾನೇ ಬೆಳೆಸಿಕೊಂಡು ಹೋಗುವುದು.

ಇಲ್ಲಿ ಬಹುಜನರಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದುವುದು ಅವಶ್ಯಕ. ಫ್ಯೂಸು ಇದ್ದ ಮೇಲೆ ಭಯವೇನು ಎಂದು ಅನೇಕರು ನಂಬಿರುವರು. ಫ್ಯೂಸು ಕರಗುವುದು ಪ್ರವಾಹವು ಮಿತಿಮೀರಿದಾಗ. ಸಡಿಲ ಸಂಧಿಯಲ್ಲಾದರೋ ರೋಧವು ಹೆಚ್ಚಿ ಪ್ರವಾಹವು ತುಸು ಕಡಿಮೆಯೇ ಆಗುವುದು. ಹೀಗಿರಲು ಕಪ್ಲರು ಹೊಗೆಯಾಡುತ್ತಿದ್ದರೂ ಫ್ಯೂಸು ತನ್ನ ಪಾಡಿಗೆ ತಾನು ನೆಮ್ಮದಿಯಾಗಿರುವುದು. ಕಾವಲುಗಾರನು ಹೆಬ್ಬಾಗಿಲನ್ನು ಕಾಯುತ್ತಿರಲು, ಒಳಮನೆಯಲ್ಲಿ ದೀಪದ ಕುಡಿಯು ಪರದೆಗೆ ತಾಗಿದಂತೆ ಇದು.

ಕಪ್ಲರಿನ ಅಂಗರಚನೆಯನ್ನು ಈಗ ನೋಡೋಣ. ಅದರಲ್ಲಿ ಎರಡೇ ಭಾಗಗಳು. ಹೊರಗೆ, ವಿದ್ಯುತ್ತು ಹರಿಯದ ಪ್ಲಾಸ್ಟಿಕ್ ಗೂಡು. ಅದರ ಕಂಡಿಗಳಲ್ಲಿ, ತಂತಿಗೆ ಕಚ್ಚಿಸಿದ ಲೋಹದ ಪಿನ್ನುಗಳು. ಪಿನ್ನಿನ ಹಿಂಬದಿಯಲ್ಲಿ ಎರಡು ಜೊತೆ ರೆಕ್ಕೆಗಳಿರುವುವು. ಮುಂದಿನ ಜೊತೆಯು ಬರಿಯ ತಾಮ್ರದ ಎಳೆಗಳನ್ನು ಅಪ್ಪಿಕೊಳ್ಳುವುದು. ಹಿಂದಿನ ಜೊತೆಯು ತಂತಿಯ ಹೊದಿಕೆಯನ್ನು ಹಿಡಿದು, ಎಳೆತವೂ ಅಲುಗಾಟವೂ ತಾಮ್ರಕ್ಕೆ ತಟ್ಟದಂತೆ ಕಾಯುವುದು. ಈ ರೆಕ್ಕೆಗಳನ್ನು ತಕ್ಕ ಇಕ್ಕಳದಿಂದ ಒತ್ತಿ ಕಚ್ಚಿಸುವುದಕ್ಕೆ ಕ್ರಿಂಪು ಮಾಡುವುದೆಂದು ಹೆಸರು. ಬೆಸುಗೆಯಿಲ್ಲದೆ ಒತ್ತಡದಿಂದಲೇ ಕೂಡಿಸುವ ಈ ಬಗೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಮತ್ತು ನೌಕೆಗಳ ನಿರ್ಮಾಣದೊಡನೆ ಹರಡಿತು. ಅಮೆರಿಕದಲ್ಲಿ ೧೯೪೧ರಲ್ಲಿ ಯೂ. ಎ. ವ್ಹಿಟೇಕರ್ ಎಂಬವರು ಸ್ಥಾಪಿಸಿದ ಎ.ಎಂ.ಪಿ. ಎಂಬ ಸಂಸ್ಥೆಯು ಇದರಲ್ಲಿ ಅಗ್ರಗಾಮಿಯಾಗಿತ್ತು.

ಪಿನ್ನು ಗೂಡಿನಿಂದ ಹಿಂದಕ್ಕೆ ಜಾರದಂತೆ ತಡೆಯುವುದು ಯಾವುದು? ಪಿನ್ನಿನ ಮೈಯಲ್ಲಿಯೇ ಒಂದು ಕಿರಿದಾದ ನಾಲಿಗೆಯನ್ನು ಕತ್ತರಿಸಿ ಓರೆಯಾಗಿ ಮೇಲಕ್ಕೆ ಎತ್ತಿರುವರು. ಪಿನ್ನನ್ನು ಹಿಂದಿನಿಂದ ನೂಕುವಾಗ ನಾಲಿಗೆಯು ಬಾಗಿ ಒಳಗೆ ಹೋಗುವುದು. ಗೂಡಿನೊಳಗಿನ ಮೆಟ್ಟಿಲನ್ನು ದಾಟಿದೊಡನೆ ‘ಟಿಕ್’ ಎಂದು ಮೇಲೆದ್ದು ನಿಲ್ಲುವುದು. ಇಲಿಯ ಬೋನಿನ ಬಾಗಿಲಿನಂತೆ ಒಳಗೆ ಹೋಗಲು ದಾರಿಯುಂಟು, ಹಿಂದಿರುಗಲು ಇಲ್ಲ. ಕೆಲವು ಕಪ್ಲರುಗಳಲ್ಲಿ ನಾಲಿಗೆಯು ಪಿನ್ನಿನಲ್ಲಿರದೆ ಗೂಡಿನ ಪ್ಲಾಸ್ಟಿಕ್ಕಿನಲ್ಲಿಯೇ ಇರುವುದು. ಅಲ್ಲಿ ಪ್ಲಾಸ್ಟಿಕ್ಕಿನ ಬೆರಳೊಂದು ಪಿನ್ನಿನ ತೂತಿನಲ್ಲಿ ಕೂತು ಹಿಡಿದಿರುವುದು. ಕಂಪ್ಯೂಟರಿನ ಹಳೆಯ ನಾಲ್ಕು ಪಿನ್ನಿನ ಕಪ್ಲರಿನಂತಹವುಗಳಲ್ಲಿ ಪಿನ್ನು ದುಂಡಾಗಿದ್ದು, ಎರಡು ಪಕ್ಕಗಳಲ್ಲಿ ಎರಡು ನಾಲಿಗೆಗಳಿರುವುವು. ಇವಲ್ಲದೆ, ವಾಹನಗಳ ಅನೇಕ ಕಪ್ಲರುಗಳಲ್ಲಿ ಬೇರೆ ಬಣ್ಣದ ಒಂದು ಪ್ಲಾಸ್ಟಿಕ್ ಪಟ್ಟಿಯು ಎರಡನೆಯ ಅಗುಳಿಯಂತೆ ಅಡ್ಡಲಾಗಿ ಕೂತಿರುವುದೂ ಉಂಟು.

ಪಿನ್ನನ್ನು ತೆಗೆದು ಹಾಕುವ ಭಾವನೆಯು ಹೊಸದೇನೂ ಅಲ್ಲವೆಂಬುದನ್ನು ರೇಡಿಯೋ ಕೇಳುವವರಿಗೆ ವಿಶೇಷವಾಗಿ ಹೇಳಬೇಕಾಗಿಲ್ಲ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ೧೯೩೫ರಲ್ಲಿಯೇ ಅಮೆರಿಕದಲ್ಲಿ ಎಂಟು ಕಾಲಿನ ಆಕ್ಟಲ್ ಎಂಬ ಪೀಠವುಳ್ಳ ವಾಲ್ವುಗಳು ಹೊರಬಂದುವು. ವಾಲ್ವು ದುರ್ಬಲವಾದರೆ ಇಡೀ ರೇಡಿಯೋವನ್ನು ಎಸೆಯಬೇಕಾಗಿರಲಿಲ್ಲ. ಅದನ್ನು ಪೀಠದಿಂದ ಕಿತ್ತು ಹೊಸದನ್ನು ಕೂರಿಸಿದರೆ ಸಾಕಾಗಿತ್ತು. ತಪ್ಪಾಗಿ ಕೂರಿಸದಂತೆ ನಡುವೆ ಏಣುಳ್ಳ ಒಂದು ಗೂಟವೂ ಇತ್ತು. ಕೆಟ್ಟ ಭಾಗವನ್ನು ಬಿಡಿಸಿ ಒಳ್ಳೆಯದನ್ನು ಉಳಿಸಿಕೊಳ್ಳುವ ಆ ವಿವೇಕವೇ ಕಪ್ಲರಿನಲ್ಲಿಯೂ ಇರುವುದು. ಆದರೆ ಕಪ್ಲರಿನಲ್ಲಿ ಆ ದಾರಿಯು ಮರೆಯಾಗಿರುವುದರಿಂದ ಜನರು ಕತ್ತರಿಗೆ ಕೈಹಾಕುವರು.

ಪಿನ್ನನ್ನು ಬಿಡಿಸುವ ಸಂದರ್ಭಗಳು ಮುಖ್ಯವಾಗಿ ನಾಲ್ಕು. ಗೂಡು ಒಡೆದು ಪಿನ್ನು ಚೆನ್ನಾಗಿರುವಾಗ. ಪಿನ್ನು ಕೆಟ್ಟು ಗೂಡು ಚೆನ್ನಾಗಿರುವಾಗ. ತಂತಿಯನ್ನು ತಪ್ಪು ಕಂಡಿಯಲ್ಲಿ ಕೂರಿಸಿರುವಾಗ. ಗೂಡು ಹಿಡಿಸದ ಕಿರಿಯ ರಂಧ್ರದ ಮೂಲಕ ತಂತಿಯನ್ನು ದಾಟಿಸಬೇಕಾದಾಗ. ಈ ನಾಲ್ಕರಲ್ಲಿಯೂ ತಂತಿಯನ್ನು ಕತ್ತರಿಸುವುದು ಹೊಸ ಸಂಧಿಯೊಂದನ್ನು ಸೃಷ್ಟಿಸುವುದರಿಂದ, ರೋಗಕ್ಕೆ ಇನ್ನೊಂದು ರೋಗವನ್ನು ಮದ್ದಾಗಿ ಕೊಟ್ಟಂತಾಗುವುದು.

ಉಪಕರಣಗಳು ಅಲ್ಪವೇ. ಚಪ್ಪಟೆ ಪಿನ್ನಿಗೆ ತೆಳುವಾದ ಗಟ್ಟಿ ಉಕ್ಕಿನ ಕಡ್ಡಿ ಬೇಕು. ತುದಿಯನ್ನು ಚಪ್ಪಟೆಯಾಗಿ ಉಜ್ಜಿದ ದಬ್ಬಳವೂ ಆಗಬಹುದು. ದುಂಡು ಪಿನ್ನಿಗೆ ಅದರ ಮೇಲೆ ಸರಿಯಾಗಿ ಇಳಿಯುವ ತೆಳುಗೋಡೆಯ ಕೊಳವೆ ಬೇಕು. ನಮ್ಮ ಹಿರಿಯರು ಹಳೆಯ ಟ್ರಾನ್ಸಿಸ್ಟರ್ ರೇಡಿಯೋವಿನ ಮುರಿದ ಏರಿಯಲಿನ ತುಂಡುಗಳನ್ನು ಇದಕ್ಕಾಗಿ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿರುವರು. ಒಂದರೊಳಗೊಂದು ಸೇರುವ ಕೊಳವೆಗಳಾದುದರಿಂದ ಬೇಕಾದ ಅಳತೆಯು ಅದರಲ್ಲಿಯೇ ದೊರೆಯುವುದು. ಇದಕ್ಕೆಂದೇ ಮಾಡಿದ ಉಪಕರಣಗಳೂ ಬೆಂಗಳೂರಿನ ಎಸ್. ಪಿ. ರೋಡಿನ ಅಂಗಡಿಗಳ ಕಡೆ ಹುಡುಕಿದರೆ ಸಿಕ್ಕುವುವು. ಮೇಲಿಂದ ಮೇಲೆ ಈ ಕೆಲಸವನ್ನು ಮಾಡುವವರು ಅವನ್ನು ಕೊಳ್ಳುವುದೇ ಲೇಸು.

ಕೈಹಚ್ಚುವ ಮೊದಲು ವಿದ್ಯುತ್ತನ್ನು ಪೂರ್ಣವಾಗಿ ಬಿಡಿಸತಕ್ಕದ್ದು. ವಾಹನವಾದರೆ ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಬೇಕು. ಮನೆಯ ಯಂತ್ರವಾದರೆ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಬಳಿಕ ಯಾವ ಕಂಡಿಯಲ್ಲಿ ಯಾವ ಬಣ್ಣದ ತಂತಿಯು ಇದೆಯೆಂಬುದನ್ನು ಕಾಗದದ ಮೇಲೆ ಗುರುತಿಸಿಕೊಳ್ಳಬೇಕು. ಮೊಬೈಲಿನಲ್ಲಿ ಒಂದು ಚಿತ್ರವನ್ನು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ನೆನಪನ್ನು ನಂಬಿದವರು ಕೆಟ್ಟರೆಂಬುದು ಈ ಕೆಲಸದಲ್ಲಿ ನೂರಕ್ಕೆ ನೂರು ನಿಜ. ಒಂದು ಸಲಕ್ಕೆ ಒಂದು ಪಿನ್ನನ್ನು ಮಾತ್ರ ಬಿಡಿಸಿ, ಅದನ್ನು ಹೊಸ ಗೂಡಿನಲ್ಲಿ ಕೂರಿಸಿದ ಮೇಲೆಯೇ ಎರಡನೆಯದಕ್ಕೆ ಹೋಗುವುದು ಕ್ಷೇಮ.

ಬಿಡಿಸುವ ಕ್ರಮವು ಹೀಗೆ. ಮೊದಲು ಎರಡನೆಯ ಅಗುಳಿಯಿದ್ದರೆ ಅದನ್ನು ಸಡಿಲಿಸಬೇಕು. ಇದನ್ನು ಮರೆತು ಎಳೆಯುವವರೇ ಹೆಚ್ಚಾಗಿ ಗೂಡನ್ನು ಮುರಿಯುವರು. ಎರಡನೆಯದಾಗಿ, ತಂತಿಯನ್ನು ಎಳೆಯುವ ಬದಲು ಗೂಡಿನ ಒಳಕ್ಕೆ ಮೆಲ್ಲಗೆ ಒತ್ತಬೇಕು. ಕೇಳುವವರಿಗೆ ಇದು ವಿಪರೀತವಾಗಿ ತೋರಬಹುದು. ಹೊರಗೆ ಬರಬೇಕಾದ ಪಿನ್ನನ್ನು ಒಳಗೆ ಒತ್ತುವುದೇಕೆ? ಏಕೆಂದರೆ, ಎಳೆದಾಗ ನಾಲಿಗೆಯು ಮೆಟ್ಟಿಲಿಗೆ ಒತ್ತಿ ಬಿಗಿಯುವುದು. ಬಿಗಿದ ನಾಲಿಗೆಯನ್ನು ಬಾಗಿಸಲಾಗದು. ಒಳಕ್ಕೆ ಒತ್ತಿದಾಗ ಅದರ ಮೇಲಿನ ಭಾರವು ಇಳಿದು ನಾಲಿಗೆಯು ಸಡಿಲವಾಗುವುದು. ಕದದ ಅಗುಳಿಯು ಬಿಗಿಯಾಗಿ ಸಿಕ್ಕಿಕೊಂಡಾಗ ಕದವನ್ನು ತುಸು ಒತ್ತಿ ಹಿಡಿದು ಅಗುಳಿಯನ್ನು ಸರಿಸುವುದನ್ನು ನಮ್ಮ ಹೆಂಗಸರೆಲ್ಲ ಬಲ್ಲರು, ಇದೂ ಅದೇ. ಮೂರನೆಯದಾಗಿ, ಪಿನ್ನು ಪಿನ್ನನ್ನು ಸಂಧಿಸುವ ಮುಂಬದಿಯಿಂದ ಕಡ್ಡಿಯನ್ನು ತೂರಿಸಿ ನಾಲಿಗೆಯನ್ನು ಪಿನ್ನಿನ ಮೈಗೆ ಅದುಮಬೇಕು. ದುಂಡು ಪಿನ್ನಾದರೆ ಕೊಳವೆಯನ್ನು ಅದರ ಮೇಲೆ ತಳಮುಟ್ಟ ಇಳಿಸಿದರೆ ಎರಡು ನಾಲಿಗೆಗಳೂ ಒಟ್ಟಿಗೆ ಅದುಮಿಹೋಗುವುವು. ನಾಲಿಗೆಯು ಪ್ಲಾಸ್ಟಿಕ್ಕಿನದಾದರೆ ಅದುಮಬಾರದು, ಪಿನ್ನಿನಿಂದ ದೂರಕ್ಕೆ ತುಸುವೇ ಎತ್ತಬೇಕು; ಅದು ಮುರಿದರೆ ಗೂಡು ನಿರುಪಯೋಗಿ. ನಾಲ್ಕನೆಯದಾಗಿ, ಕಡ್ಡಿಯನ್ನು ಅಲ್ಲಿಯೇ ಹಿಡಿದಿದ್ದು ಹಿಂಬದಿಯಿಂದ ತಂತಿಯನ್ನು ಮೃದುವಾಗಿ ಎಳೆಯಬೇಕು. ನಾಲಿಗೆಯು ಸರಿಯಾಗಿ ಅದುಮಿದ್ದರೆ ಬೆಣ್ಣೆಯಿಂದ ಕೂದಲನ್ನು ತೆಗೆದಂತೆ ಪಿನ್ನು ಹೊರಗೆ ಬರುವುದು. ಬಾರದಿದ್ದರೆ ಬಲವನ್ನು ಹೆಚ್ಚಿಸಬಾರದು. ಮತ್ತೆ ಒಳಕ್ಕೆ ಒತ್ತಿ ಮೊದಲಿನಿಂದ ಆರಂಭಿಸಬೇಕು.

ಈಗ ಪುನರುಪಯೋಗದ ಮಾತು. ನಾವು ಎಡವಿದ್ದು ಇಲ್ಲಿಯೇ. ಹೊರಬಂದ ಪಿನ್ನಿನ ನಾಲಿಗೆಯು ಅದುಮಿ ಚಪ್ಪಟೆಯಾಗಿರುವುದು. ಅದನ್ನು ಹಾಗೆಯೇ ನೂಕಿದರೆ ಗೂಡಿನೊಳಗೆ ಹೋಗುವುದೇನೋ ನಿಜ, ಮೆಟ್ಟಿಲನ್ನು ಹಿಡಿಯುವುದಿಲ್ಲ. ಬಳಿಕ ಬಲ್ಬಿನ ಕಾಲನ್ನು ಸಿಕ್ಕಿಸುವಾಗ, ಆ ಕಾಲು ಪಿನ್ನಿನೊಳಗೆ ಹೋಗುವುದರ ಬದಲು ಪಿನ್ನನ್ನೇ ಹಿಂದಕ್ಕೆ ತಳ್ಳುವುದು. ಎರಡೂ ತುದಿತುದಿಯಲ್ಲಿ ಮುಟ್ಟಿಕೊಂಡಿರುವುವು. ದೀಪವು ಹೊತ್ತುವುದು, ನೋಡುವವರಿಗೆ ಎಲ್ಲವೂ ಸರಿಯಾಗಿ ಕಾಣುವುದು. ಒಳಗೆ ಶಾಖದ ಕಾರ್ಯವು ಆ ಹೊತ್ತಿನಿಂದಲೇ ಮೊದಲಾಗುವುದು. ನಮ್ಮ ಕಾರಿನಲ್ಲಿ ಎರಡು ವರ್ಷ ನಡೆದದ್ದು ಇದೇ.

ಆದುದರಿಂದ, ಮರಳಿ ಕೂರಿಸುವ ಮೊದಲು ಸಣ್ಣ ಚಾಕುವಿನ ತುದಿಯಿಂದ ನಾಲಿಗೆಯನ್ನು ಮೊದಲಿದ್ದ ಓರೆಗೆ ಎತ್ತತಕ್ಕದ್ದು. ಹೆಚ್ಚು ಎತ್ತಿದರೆ ಅದು ಕಂಡಿಯಲ್ಲಿ ಹೋಗದು, ಇಲ್ಲವೆ ಮಡಿಸಿಕೊಳ್ಳುವುದು. ಪಕ್ಕದ ಒಳ್ಳೆಯ ಪಿನ್ನಿನ ನಾಲಿಗೆಯನ್ನೇ ಮಾದರಿಯಾಗಿ ನೋಡಿಕೊಳ್ಳಬಹುದು. ಲೋಹವು ಬಾಗಿದ ಪ್ರತಿಯೊಂದು ಸಲವೂ ಗಡುಸಾಗಿ, ಕಡೆಗೆ ಬಿರಿಯುವುದು. ಆದಕಾರಣ ಒಂದೇ ನಾಲಿಗೆಯನ್ನು ಮೇಲಿಂದ ಮೇಲೆ ಬಾಗಿಸಬಾರದು. ಬುಡದಲ್ಲಿ ಗೀರು ಕಂಡರೆ ಆ ಪಿನ್ನನ್ನು ಕೈಬಿಡಬೇಕು. ಬಳಿಕ ಪಿನ್ನನ್ನು ನೂಕಿ ‘ಟಿಕ್’ ಎಂಬ ಶಬ್ದವನ್ನು ಕೇಳಬೇಕು. ಆಮೇಲೆ ತಂತಿಯನ್ನು ಹಿಂದಕ್ಕೆ ಎಳೆದು ನೋಡಬೇಕು. ಮುಂದಿನಿಂದಲೂ ಪಿನ್ನನ್ನು ಒತ್ತಿ, ಹಿಂದೆ ಸರಿಯುವುದಿಲ್ಲವೆಂದು ಖಾತ್ರಿಮಾಡಿಕೊಳ್ಳಬೇಕು. ಈ ಎರಡು ಪರೀಕ್ಷೆಗಳಿಗೆ ಒಂದು ನಿಮಿಷವೂ ಹಿಡಿಯದು. ನಾವು ಅಂದು ಆ ಒಂದು ನಿಮಿಷವನ್ನು ಉಳಿಸಿದೆವು.

ಪಿನ್ನು ಮರಳಿ ಬಳಸಲು ಯೋಗ್ಯವೇ ಎಂಬುದನ್ನು ತಿಳಿಯಲು ಮೂರು ಲಕ್ಷಣಗಳನ್ನು ನೋಡಬೇಕು. ಬಣ್ಣವು ಮೊದಲನೆಯದು. ಪಿನ್ನಿನ ಮೇಲಿನ ತವರದ ಲೇಪವು ಹೊಳೆಯುತ್ತಿದ್ದರೆ ಒಳ್ಳೆಯದು. ನೀಲಿಯೋ ಕಪ್ಪೋ ಆಗಿದ್ದರೆ ಅದು ಸುಟ್ಟ ಪಿನ್ನು. ಅದರ ಸ್ಪ್ರಿಂಗಿನ ಗುಣವು ಶಾಖದಿಂದ ನಾಶವಾಗಿರುವುದು. ಅದನ್ನು ಎಷ್ಟು ಉಜ್ಜಿ ಬೆಳಗಿದರೂ ಹೋದ ಬಿಗಿಯು ಬಾರದು. ಹಿಡಿತವು ಎರಡನೆಯದು. ಒಂದು ಬಿಡಿ ಗಂಡುಪಿನ್ನನ್ನು ಹೆಣ್ಣುಪಿನ್ನಿನೊಳಗೆ ತೂರಿಸಿ ತೆಗೆದರೆ ಎಳೆತವು ಕೈಗೆ ತಿಳಿಯಬೇಕು. ಸುಮ್ಮನೆ ಜಾರಿದರೆ ಅದು ಸಡಿಲವಾಗಿದೆ. ಇಕ್ಕಳದಿಂದ ತುಸು ಒತ್ತಿ ಬಿಗಿಮಾಡುವುದು ದಾರಿಯಲ್ಲಿ ನಿಂತವರಿಗೆ ಮನೆ ಸೇರುವಷ್ಟಕ್ಕೆ ಸಾಕು, ಶಾಶ್ವತವಾದ ಉಪಾಯವಲ್ಲ. ಕಚ್ಚು ಮೂರನೆಯದು. ರೆಕ್ಕೆಗಳು ತಾಮ್ರವನ್ನೂ ಹೊದಿಕೆಯನ್ನೂ ಗಟ್ಟಿಯಾಗಿ ಹಿಡಿದಿರಬೇಕು, ಎಳೆಗಳು ಮುರಿದಿರಬಾರದು, ಹಸಿರು ಕಿಲುಬು ಹತ್ತಿರಬಾರದು.

ಪಿನ್ನನ್ನು ಹಳೆಯ ತಂತಿಯಿಂದ ಬಿಚ್ಚಿ ಹೊಸ ತಂತಿಗೆ ಕಚ್ಚಿಸಬಹುದೇ ಎಂದು ಕೇಳುವವರುಂಟು. ತನ್ನ ತಂತಿಯೊಡನಿರುವ ಪಿನ್ನನ್ನು ಗೂಡಿನಿಂದ ಗೂಡಿಗೆ ಸಾಗಿಸುವುದು ಬೇರೆ. ಕ್ರಿಂಪನ್ನೇ ಬಿಚ್ಚುವುದು ಬೇರೆ. ಸರಿಯಾದ ಕ್ರಿಂಪಿನಲ್ಲಿ ರೆಕ್ಕೆಯೂ ಎಳೆಗಳೂ ಒಂದರೊಳಗೊಂದು ಹರಿದು, ನಡುವೆ ಗಾಳಿಗೂ ಎಡೆಯಿಲ್ಲದಂತೆ ಒಂದಾಗಿರುವುವು. ಅದನ್ನು ಬಿಚ್ಚಿದರೆ ರೆಕ್ಕೆಯು ಬಿರಿಯುವುದು. ಮತ್ತೆ ಒತ್ತಿದರೂ ಮೊದಲಿನ ಐಕ್ಯವು ಬಾರದು. ಬೆಸುಗೆ ಹಾಕಿ ಸರಿಪಡಿಸೋಣವೆಂದರೆ, ಕರಗಿದ ತವರವು ಎಳೆಗಳ ನಡುವೆ ಮೇಲಕ್ಕೆ ಹೀರಿಕೊಂಡು ತಂತಿಯನ್ನು ಕಡ್ಡಿಯಂತೆ ಬಿರುಸಾಗಿಸುವುದು. ಅಲುಗಾಡುವ ವಾಹನದಲ್ಲಿ ಆ ಬಿರುಸು ಮುಗಿಯುವ ಎಡೆಯಲ್ಲಿಯೇ ತಂತಿಯು ಮುರಿಯುವುದು. ಆದುದರಿಂದ ಹೊಸ ಪಿನ್ನನ್ನೇ ತಕ್ಕ ಇಕ್ಕಳದಿಂದ ಕಚ್ಚಿಸುವುದು ಉತ್ತಮ. ಅಂತಹ ಪಿನ್ನೇ ದೊರೆಯದಿದ್ದರೆ, ಗುಜರಿಯಿಂದ ತಂದ ಅದೇ ಜಾತಿಯ ಒಳ್ಳೆಯ ಪಿನ್ನನ್ನು ಒಂದು ಗೇಣು ತಂತಿಯೊಡನೆ ಕತ್ತರಿಸಿಕೊಂಡು, ಆ ತಂತಿಯನ್ನು ಅಲುಗಾಡದ ಎಡೆಯಲ್ಲಿ ನಮ್ಮ ತಂತಿಗೆ ಕೂಡಿಸಿ, ಶಾಖಕ್ಕೆ ಕುಗ್ಗುವ ಸ್ಲೀವನ್ನು ಹೊದಿಸುವುದು ಮಧ್ಯಮ ಮಾರ್ಗ.

ಇದೇ ಕ್ರಮದಲ್ಲಿ ನಮ್ಮ ಹಿರಿಯರು ಅಂದು ಎರಡು ಒಳ್ಳೆಯ ಪಿನ್ನುಗಳನ್ನು ಬಿಡಿಸಿ ನಾಲಿಗೆಯೆತ್ತಿದರು, ಮೂರನೆಯ ತಂತಿಯ ಸುಟ್ಟ ತುದಿಯನ್ನು ಕಳೆದು ಹೊಸ ಪಿನ್ನನ್ನು ಕಚ್ಚಿಸಿದರು, ನಾವು ಜೆ. ಸಿ. ರೋಡಿನಿಂದ ತಂದ ಹೊಸ ಗೂಡಿನಲ್ಲಿ ಮೂರನ್ನೂ ಕೂರಿಸಿದರು. ಖರ್ಚಾದದ್ದು ಮನೆಮಂದಿಯ ಒಂದು ಹೊತ್ತಿನ ಹೋಟೆಲು ತಿಂಡಿಗಿಂತ ಕಡಿಮೆ.

ಎಲ್ಲ ಕಪ್ಲರುಗಳಿಗೂ ಎಲ್ಲರೂ ಕೈಹಾಕಬಹುದೆಂದು ಮಾತ್ರ ಯಾರೂ ಭಾವಿಸಬಾರದು. ಅಪಘಾತದಲ್ಲಿ ಉಬ್ಬಿಕೊಳ್ಳುವ ಗಾಳಿಚೀಲಗಳ ತಂತಿಗಳು ಸಾಮಾನ್ಯವಾಗಿ ಹಳದಿಯ ಕಪ್ಲರು ಅಥವಾ ಹೊದಿಕೆಯಿಂದ ಗುರುತಿಸಲ್ಪಟ್ಟಿರುವುವು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆಬಣ್ಣದ ದಪ್ಪ ತಂತಿಗಳಲ್ಲಿ ಪ್ರಾಣಾಂತಿಕವಾದ ವೋಲ್ಟೇಜು ಇರುವುದು. ಮನೆಯ ಯು.ಪಿ.ಎಸ್., ಕಂಪ್ಯೂಟರಿನ ಪವರ್ ಸಪ್ಲೈ ಮುಂತಾದವುಗಳ ಒಡಲಿನ ಕೆಪಾಸಿಟರುಗಳು ಪ್ಲಗ್ಗು ಕಿತ್ತಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವುವು. ಇವುಗಳನ್ನು ಬಲ್ಲವರಿಗೆ ಬಿಡುವುದೇ ವಿವೇಕ.

ಮಹಾಶಯರೇ, ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪವು ಬಂದದ್ದು ೧೯೦೫ರಲ್ಲಿ, ದೂರದ ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿಯಿಂದ. ಕಾವೇರಿಯ ಜಲಪಾತದಿಂದ ನಮ್ಮ ಮನೆಯ ದೀಪದವರೆಗೆ ಆ ಶಕ್ತಿಯು ಎಷ್ಟು ಸಂಧಿಗಳನ್ನು ದಾಟಿ ಬರಬೇಕೆಂಬುದನ್ನು ಯೋಚಿಸಿದರೆ, ಪ್ರತಿಯೊಂದು ಸಂಧಿಯ ಹಿಂದೆಯೂ ಯಾರೋ ಒಬ್ಬರ ಕೈ ಇದೆಯೆಂಬುದು ಹೊಳೆಯುವುದು. ಆ ಕೈಯು ಎಳೆದು ನೋಡಿ, ಒತ್ತಿ ನೋಡಿ ಬಿಟ್ಟಿದ್ದರೆ ದೀಪವು ಉರಿಯುವುದು. ಅವಸರಪಟ್ಟಿದ್ದರೆ ಕತ್ತಲೆಯು ಎಲ್ಲಿಯೋ ಎಂದೋ ಕಾದಿರುವುದು. ನಾವು ತರಗತಿಯಲ್ಲಿ ಓಮನ ನಿಯಮವನ್ನು ಹದಿನೆಂಟು ವರ್ಷಗಳಿಂದ ಬೋಧಿಸಿರುವೆವು. ಆ ನಿಯಮವು ನಮ್ಮ ಕಾರಿನ ಕಪ್ಲರಿನಲ್ಲಿಯೂ ನಡೆಯುವುದೆಂಬುದನ್ನು ಕಲಿಸಿದವರು ಮಾತ್ರ ನಮ್ಮ ಬೀದಿಯ ಆ ಹಿರಿಯರು. ಈಗ ಸಂಜೆಯ ವೇಳೆ ಕಾರನ್ನು ಹೊರಡಿಸುವ ಮುನ್ನ ಎದುರಿನ ಗೋಡೆಯ ಮೇಲೆ ಎರಡು ಬೆಳಕುಗಳು ಬೀಳುವುವೇ ಎಂದು ನೋಡುವುದು ನಮಗೆ ಅಭ್ಯಾಸವಾಗಿದೆ. ತಾವೂ ಆ ಅಭ್ಯಾಸವನ್ನು ಇಟ್ಟುಕೊಳ್ಳಿರೆಂದು ಬಿನ್ನವಿಸಿ ಈ ಭಾಷಣವನ್ನು ಮುಗಿಸುವೆವು.